ಹೊಗೆ ಹಿಡಿಸಿದ ಬಂಗುಡೆ: ರುಚಿ ಬೇರೆ, ಬಾಳಿಕೆ ಬೇರೆ



ಹಿಂದೆ ನಮ್ಮ ಅಜ್ಜಿಯಂದಿರು ಮಳೆಗಾಲಕ್ಕೆಂದು ಒಣಮೀನನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ದಿನಾ ತಾಗುವ ಬಿಸಿ ಮತ್ತು ಹೊಗೆಯಿಂದ ಅದು ಬೂಸ್ಟು ಹಿಡಿಯುತ್ತಿರಲಿಲ್ಲ. ಈಗ ಗ್ಯಾಸ್ ಬಂತು, ಅಟ್ಟ ಹೋಯಿತು. ಆದರೂ ಹೊಗೆಯ ರುಚಿ ಬೇಕೆಂದರೆ ಗ್ಯಾಸ್ ಒಲೆಯಲ್ಲೇ ಮಾಡಬಹುದು. ಹೇಗೆಂದು ಈ ಪಾಠದಲ್ಲಿ ಕಲಿಯೋಣ.

ಬೇಕಾಗುವ ಸಾಮಾನು

ತಾಜಾ ಬಂಗುಡೆ 4, ನೀರು 1 ಲೀಟರ್, ಉಪ್ಪು 50 ಗ್ರಾಂ. ಹೊಗೆಗೆ ಅಕ್ಕಿ, ಚಹಾಪುಡಿ, ಬೆಲ್ಲದ ಪುಡಿ ತಲಾ 2 ಚಮಚ. ದಪ್ಪ ತಳದ ಹಳೆಯ ಕಬ್ಬಿಣದ ಬಾಣಲೆ, ಸರಿಯಾಗಿ ಕೂರುವ ಮುಚ್ಚಳ, ಇಡ್ಲಿ ಪಾತ್ರೆಯ ತೂತಿನ ತಟ್ಟೆ, ಅಲ್ಯೂಮಿನಿಯಂ ಹಾಳೆ. ನಾನ್‌ಸ್ಟಿಕ್ ಪಾತ್ರೆ ಖಂಡಿತ ಬೇಡ. ಅತಿಯಾಗಿ ಕಾದರೆ ಅದರ ಲೇಪನದಿಂದ ಕೆಟ್ಟ ಹೊಗೆ ಬರುತ್ತದೆ.

ಮಾಡುವ ಕ್ರಮ

1. ಮೀನನ್ನು ಶುಚಿ ಮಾಡಿ, ಬೆನ್ನಿನಿಂದ ಸೀಳಿ ಬಿಡಿಸಿ. ಉಪ್ಪುನೀರಿನಲ್ಲಿ ಅರ್ಧ ಗಂಟೆ ಇಡಿ.

2. ತೆಗೆದು ಬಟ್ಟೆಯಿಂದ ಒರಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಆರಿಸಿ. ಮೇಲ್ಮೈ ಒಣಗಿದರೆ ಮಾತ್ರ ಹೊಗೆ ಚೆನ್ನಾಗಿ ಹಿಡಿಯುತ್ತದೆ.

3. ಬಾಣಲೆಯಲ್ಲಿ ಹಾಳೆ ಹಾಸಿ ಅಕ್ಕಿ, ಚಹಾಪುಡಿ, ಬೆಲ್ಲ ಹರಡಿ. ಮೇಲೆ ತಟ್ಟೆ, ಅದರ ಮೇಲೆ ಮೀನು ಇಡಿ. ಮಧ್ಯಮ ಉರಿಯಲ್ಲಿ ಹೊಗೆ ಏಳುತ್ತಲೇ ಮುಚ್ಚಿ.

4. ಸಣ್ಣ ಉರಿಯಲ್ಲಿ 20 ನಿಮಿಷ. ಒಲೆ ಆರಿಸಿ, 10 ನಿಮಿಷ ಬಿಟ್ಟು ತೆರೆಯಿರಿ. ಮುಳ್ಳಿನ ಹತ್ತಿರದ ಮಾಂಸವೂ ಬೆಳ್ಳಗಾಗಿ ಸುಲಭವಾಗಿ ಬಿಟ್ಟರೆ ಬೆಂದಿದೆ. ಇಲ್ಲವಾದರೆ ಇನ್ನೂ ಸ್ವಲ್ಪ ಬೇಯಿಸಿ.

ಮೊದಲ ಸಲ ನಾವು ಅವಸರದಿಂದ ಉರಿ ಜೋರು ಮಾಡಿದೆವು. ಬೆಲ್ಲ ಕರಿಕಾಗಿ ಮೀನೆಲ್ಲ ಕಹಿ! ಕಿಟಕಿ ತೆರೆದಿಡಿ, ಮಕ್ಕಳನ್ನು ದೂರವಿಡಿ. ಪ್ಲೈವುಡ್ ಅಥವಾ ಬಣ್ಣ ಹಚ್ಚಿದ ಮರದ ಹುಡಿ ಎಂದೂ ಬಳಸಬೇಡಿ.

ಮರೆಯಬಾರದ ಮಾತು

"ಹೊಗೆ ಹಿಡಿಸಿದ್ದಲ್ವಾ, ಕೆಡೋದಿಲ್ಲ" ಎಂದು ತುಂಬಾ ಜನ ತಿಳಿದಿದ್ದಾರೆ. ಇದು ತಪ್ಪು. ಲಕ್ಷದ್ವೀಪದ ಮಾಸ್ ಮೀನು ತಿಂಗಳುಗಟ್ಟಲೆ ಬಾಳುತ್ತದೆ ನಿಜ. ಅಲ್ಲಿ ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಹಿಡಿಸಿ, ಮರದಂತೆ ಗಟ್ಟಿಯಾಗುವವರೆಗೆ ಬಿಸಿಲಲ್ಲಿ ಒಣಗಿಸುತ್ತಾರೆ. ನಮ್ಮ ಬಂಗುಡೆಯಲ್ಲಿ ನೀರಿನಂಶ ಹಾಗೇ ಇರುತ್ತದೆ. ಇದು ಬೇಯಿಸಿದ ಮೀನು, ಒಣಮೀನಲ್ಲ. ಬಿಸಿ ಆರಿದ ಕೂಡಲೇ ಫ್ರಿಜ್‌ನಲ್ಲಿಟ್ಟು 2 ದಿನದೊಳಗೆ ಮುಗಿಸಿ. ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಕಟ್ಟಿ ಹೊರಗಿಟ್ಟರೆ ಪ್ರಾಣಕ್ಕೇ ಅಪಾಯವಾಗುವ ವಿಷ ಹುಟ್ಟಬಹುದು.

ಇನ್ನೊಂದು ವಿಷಯ: ಬಂಗುಡೆ, ಬೂತಾಯಿ ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಹೆಚ್ಚುತ್ತದೆ. ತಿಂದವರಿಗೆ ಮೈ ಕೆಂಪೇರಿ ತುರಿಕೆ, ತಲೆನೋವು, ವಾಂತಿ ಬರುತ್ತದೆ. ಬೇಯಿಸಿದರೂ ಅದು ಹೋಗದು. ಹಳಸಿದ ಮೀನಿನ ವಾಸನೆಯನ್ನು ಹೊಗೆ ಮುಚ್ಚಬಹುದು, ದೋಷವನ್ನಲ್ಲ.

ಸಂಘದಿಂದ ಮಾರಾಟ ಮಾಡುವ ಆಸೆಯಿದ್ದರೆ, 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಮೊದಲು ನೋಂದಣಿ ಮಾಡಿಸಬೇಕು. ಮಾಡಿದ ದಿನಾಂಕ ಬರೆದು, ತಂಪಾಗಿಯೇ ಕೊಡಿ. ಒಬ್ಬ ಗಿರಾಕಿಗೆ ಹೊಟ್ಟೆ ಕೆಟ್ಟರೆ ಇಡೀ ಸಂಘದ ಹೆಸರು ಕೆಡುತ್ತದೆ.

ಸಭೆಯಲ್ಲಿ ಚರ್ಚಿಸಿ

1. ಒಣಮೀನಿಗೂ ಹೊಗೆ ಹಿಡಿಸಿದ ಮೀನಿಗೂ ಏನು ವ್ಯತ್ಯಾಸ?
2. ನಾವು ಕೊಳ್ಳುವ ಮೀನು ಮಂಜುಗಡ್ಡೆಯಲ್ಲಿ ಇರುತ್ತದೆಯೇ?
3. ಕರೆಂಟ್ ಹೋದರೆ ಸಂಘದ ಮೀನನ್ನು ಏನು ಮಾಡುವುದು?