ಬಟ್ಟಲು ನಿಂತ ದಿನಗಳು

2020ರ ಮಾರ್ಚ್ 25, ಯುಗಾದಿ. ಲಾಕ್‌ಡೌನಿನ ಮೊದಲ ದಿನವೂ ಅದೇ. ಮೈಸೂರಿನಲ್ಲಿ ಒಬ್ಬಳೇ ಇದ್ದ ಅಮ್ಮನಿಗೆ ಆಗ ಎಪ್ಪತ್ತಾರು. ಬೆಂಗಳೂರಿನಿಂದ ಫೋನ್ ಮಾಡಿ "ಹೋಳಿಗೆ ಮಾಡಿದೆಯಾ?" ಎಂದೆ. "ಒಬ್ಬಳಿಗೆ ಎಂಥ ಹೋಳಿಗೆ ಕಣೇ, ಬೇವು ಬೆಲ್ಲ ತಿಂದೆ" ಎಂದಳು. ಆ ಮಾತನ್ನು ನಾನು ಅಂದೇ ಗಮನಿಸಬೇಕಿತ್ತು.

ಆಮೇಲೆ ದಿನವೂ "ಊಟ ಆಯ್ತಾ?" ಎಂದು ಕೇಳಿದೆ. ದಿನವೂ "ಆಯ್ತು" ಎಂದಳು. ದಿನಸಿ ಆನ್‌ಲೈನಿನಲ್ಲಿ ಕಳಿಸಿದ್ದೆನಲ್ಲ ಎಂಬ ನೆಮ್ಮದಿ ನನಗೆ. ಮೇ 19ರಂದು ಬಸ್ಸುಗಳು ಮತ್ತೆ ಹೊರಟವು. ಆ ವಾರವೇ ಹೋದೆ. ಬಾಗಿಲು ತೆಗೆಯಲು ಕೈ ಎತ್ತಿದಾಗ ಅಮ್ಮನ ಬಳೆಗಳು ಮೊಣಕೈವರೆಗೂ ಜಾರಿದವು. ಜನವರಿಯಲ್ಲಿ 49 ಕೆ.ಜಿ. ಇದ್ದವಳು 45ಕ್ಕೆ ಇಳಿದಿದ್ದಳು.

ಬೇಳೆ ಡಬ್ಬಿ ಹೆಚ್ಚುಕಮ್ಮಿ ಹಾಗೇ ಇತ್ತು. ರಸ್ಕಿನ ಪೊಟ್ಟಣಗಳು ಮಾತ್ರ ಖಾಲಿ. ಬೆಳಿಗ್ಗೆಯ ತಿಳಿಸಾರೇ ರಾತ್ರಿಗೂ. "ನನ್ನೊಬ್ಬಳಿಗೆ ಕುಕ್ಕರ್ ಯಾಕೆ ಇಡಲಿ?" ಎಂದಳು.

ಅವಳ ಅಡುಗೆ ಶುರುವಾಗುತ್ತಿದ್ದದ್ದು ಮನೆಯ ಹೊರಗೆ. ಸೊಪ್ಪಿನವಳ ಕೂಗು, ದೇವರಾಜ ಮಾರುಕಟ್ಟೆಗೆ ನಡಿಗೆ, ಪಕ್ಕದ ಮನೆಗೆ ಹೋಗುವ ಹುಳಿಯ ಬಟ್ಟಲು, ಅದೇ ಬಟ್ಟಲಲ್ಲಿ ಅಲ್ಲಿಂದ ಬರುವ ಪಲ್ಯ. 65 ದಾಟಿದವರು ಮನೆಯಲ್ಲೇ ಇರಲಿ ಎಂದು ಸರ್ಕಾರ ಹೇಳಿದ್ದು ಸರಿಯೇ. ಸೋಂಕಿನ ಅಪಾಯ ಅವರಿಗೇ ಹೆಚ್ಚು. ಆದರೆ ಗೇಟು ಮುಚ್ಚಿದಾಗ ನಡಿಗೆ ನಿಂತಿತು, ಹಸಿವು ಸತ್ತಿತು, ಬಟ್ಟಲೂ ನಿಂತಿತು. ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅಮ್ಮನ ಲೆಕ್ಕಕ್ಕೆ ಸುಮಾರು 37 ಗ್ರಾಂ. ತಿಳಿಸಾರು, ರಸ್ಕು ಅಷ್ಟನ್ನು ತುಂಬಲಾರವು. ವಯಸ್ಸಿಗೆ ಹೇಗೂ ಸವೆಯುವ ಸ್ನಾಯು ಇನ್ನೂ ಬೇಗ ಕರಗುತ್ತದೆ.

2021ರ ಏಪ್ರಿಲ್ ಕೊನೆಗೆ ಮತ್ತೆ ಎಲ್ಲವೂ ಮುಚ್ಚಿತು. ಅಂಗಡಿ ತೆರೆದಿರುತ್ತಿದ್ದದ್ದು ಬೆಳಿಗ್ಗೆ ಆರರಿಂದ ಹತ್ತು. ಈ ಸಲ ನಾನು "ಊಟ ಆಯ್ತಾ?" ಎನ್ನಲಿಲ್ಲ. "ಇವತ್ತು ಏನು ಹುಳಿ?" ಎಂದು ಕೇಳಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಫೋನನ್ನು ಚೊಂಬಿಗೆ ಒರಗಿಸಿಟ್ಟು ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತೆವು. ಪಕ್ಕದ ಮನೆಯವರಿಗೂ ಫೋನ್ ಮಾಡಿ, ಒಳಗೆ ಬರುವುದು ಬೇಡ, ಬಟ್ಟಲನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಹೋಗಿ ಎಂದು ಬೇಡಿಕೊಂಡೆ.

ಮೊದಲ ದಿನ ಬಂದದ್ದು ದಂಟಿನ ಸೊಪ್ಪಿನ ಪಲ್ಯ. ಮಾರನೆಯ ಬೆಳಿಗ್ಗೆ ಮಾತಾಡುತ್ತಿದ್ದಾಗ ಅಮ್ಮನ ಅಡುಗೆಮನೆಯಿಂದ ಕುಕ್ಕರ್ ಕೂಗಿದ್ದು ಕೇಳಿಸಿತು. "ಅವರ ಬಟ್ಟಲು ಖಾಲಿ ಕಳಿಸೋಕಾಗುತ್ತೇನೇ?" ಎಂದಳು.