ನೋವು ನಿಂತ ಹಲ್ಲನ್ನು ನಂಬಬೇಡ

ತಮ್ಮಾ, ಬನಹಟ್ಟಿಯ ಮಗ್ಗದ ಮುಂದೆ ರಾತ್ರಿಪಾಳಿ ಮಾಡುವವನು ನೀನು. ಎಳೆ ಹರಿದರೆ ಥಟ್ಟನೆ ಹಿಡಿಯುತ್ತೀ. ಅದೇ ನಿನ್ನ ದವಡೆಹಲ್ಲು ವಾರಗಟ್ಟಲೆ ಬೊಬ್ಬೆ ಹೊಡೆದರೂ ಕಿವಿಗೊಡಲಿಲ್ಲ. ಲವಂಗ ಇಟ್ಟೆ, ತಂಬಾಕು ಒತ್ತಿದೆ, ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿದೆ. ಈಗ ನೋವೇ ಇಲ್ಲ, ಖಡಕ್ ರೊಟ್ಟಿ ಕಡಿಯುತ್ತೇನೆ ಎಂದು ಎದೆಯುಬ್ಬಿಸುತ್ತೀ.

ಹಾಗೆ ತಾನಾಗಿ ನಿಂತ ನೋವು ಬಹಳ ಸಲ ಒಳಗಿನ ನರ ಸತ್ತದ್ದರ ಗುರುತು. ಸತ್ತ ನರ ಕೊಳೆತು ಬೇರಿನ ತುದಿಗೆ ಕೀವು ಕಟ್ಟುತ್ತದೆ, ಸುತ್ತಲಿನ ಎಲುಬು ಸದ್ದಿಲ್ಲದೆ ಕರಗುತ್ತದೆ. ಮುಧೋಳದ ಹೊಲದಲ್ಲಿ ನೋಡಿಲ್ಲವೇ? ಕಬ್ಬು ಹೊರಗೆ ನೆಟ್ಟಗಿರುತ್ತದೆ, ಸೀಳಿದರೆ ಒಳಗೆಲ್ಲ ಕೆಂಪು ಕೊಳೆ. ಹಲ್ಲನ್ನು ಹಾಗೆ ಸೀಳಲಾದೀತೇ? ಅದಕ್ಕೇ ಎಕ್ಸ್‌ರೇ.

ಎರಡು ಬೆರಳಗಲದ ಫಿಲ್ಮನ್ನೋ ಸೆನ್ಸರನ್ನೋ ಹಲ್ಲಿನ ಒಳಬದಿಗೆ ಇಡುತ್ತಾರೆ. ನಾಲಗೆಯಡಿ ಚುಚ್ಚುತ್ತದೆ, ಓಕರಿಕೆ ಬರಬಹುದು. ಮೂಗಿನಿಂದ ಉಸಿರಾಡು, ತಲೆ ಅಲ್ಲಾಡಿಸಬೇಡ. 1896ರಲ್ಲಿ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತನ್ನ ಹಲ್ಲಿನ ಚಿತ್ರಕ್ಕೆ 25 ನಿಮಿಷ ಅಲುಗದೆ ಇದ್ದ. ನಿನಗೆ ಒಂದು ಸೆಕೆಂಡೂ ಹಿಡಿಯದು, ಅಷ್ಟಕ್ಕೇ ಚಡಪಡಿಸಿದರೆ ಹೇಗೆ! ಚಿತ್ರ ಬಂದಮೇಲೆ ನೀನೂ ಕಣ್ಣಿಟ್ಟು ನೋಡು. ಹಲ್ಲಿನ ಮೇಲ್ಪದರ ಬೆಳ್ಳಗೆ, ಹುಳುಕು ಕಪ್ಪಗೆ, ಬೇರಿನ ತುದಿಯ ಕೀವು ಕರಿ ಗುಂಡಿಯಂತೆ ಕಾಣುತ್ತದೆ. ಎರಡು ಹಲ್ಲುಗಳ ಸಂದಿಯಲ್ಲಿ ಅಡಗಿದ ಹುಳುಕು, ಅಡ್ಡ ಮಲಗಿದ ಬುದ್ಧಿಹಲ್ಲು, ಮಕ್ಕಳ ಹಾಲುಹಲ್ಲಿನಡಿ ಕಾದಿರುವ ಹೊಸ ಹಲ್ಲು, ಎಲ್ಲ ಸಿಗುತ್ತವೆ. ರೂಟ್ ಕೆನಾಲ್ ಮಾಡುವಾಗ ಬೇರು ಎಷ್ಟು ಉದ್ದ, ಎತ್ತ ಬಾಗಿದೆ ಎಂಬುದಕ್ಕೂ ಇದೇ ದಾರಿ.

ಕಿರಣದ ಹೆದರಿಕೆಯೇ? ಈ ಚಿಕ್ಕ ಎಕ್ಸ್‌ರೇಯಲ್ಲಿ ಮೈಗೆ ತಾಗುವುದು, ನೆಲ ಮುಗಿಲಿನಿಂದ ಹೆಚ್ಚುಕಡಿಮೆ ಒಂದು ದಿನದಲ್ಲಿ ನಮಗೆಲ್ಲ ತಾಗುವಷ್ಟೇ. ಹಾಗೆಂದು ಬೇಡದಿದ್ದರೂ ತೆಗೆಸಬೇಕೆಂದಿಲ್ಲ. ಮೊದಲು ಡಾಕ್ಟರು ಬಾಯಿ ನೋಡಲಿ. ಬಾಯಿಯನ್ನೇ ನೋಡದೆ ಎಕ್ಸ್‌ರೇ ಬರೆದುಕೊಟ್ಟರೆ 'ಯಾತಕ್ಕ್ರೀ?' ಎಂದು ಕೇಳು, ಸಂಕೋಚ ಯಾಕೆ? ನಿನ್ನ ಹೆಂಡತಿ ಎಕ್ಸ್‌ರೇ ತೆಗೆಸುವಾಗ ಬಸುರಿಯಾಗಿದ್ದರೆ ಒಳಗೆ ಹೋಗುವ ಮೊದಲೇ ಹೇಳಲಿ. ಪೂರಾ ದವಡೆಯ ದೊಡ್ಡ ಚಿತ್ರ ಬೇಕು, ಬಾಗಲಕೋಟೆಯ ಪಿ.ಎಂ. ನಾಡಗೌಡ ದಂತ ಕಾಲೇಜಿಗೆ ಹೋಗು ಎಂದರೆ, ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ಮುಂದೂಡಬೇಡ.

ತೆಗೆದ ಚಿತ್ರವನ್ನು ಕೇಳಿ ಇಸಿದುಕೋ. ಬೀಳಗಿಯಲ್ಲಿ ತೆಗೆಸಿದ್ದನ್ನೇ ನಾಳೆ ಜಮಖಂಡಿಯಲ್ಲಿ ತೋರಿಸಬಹುದು. ಎರಡನೇ ಸಲದ ಖರ್ಚೂ ಉಳಿದೀತು, ಕರಿ ಗುಂಡಿ ಬೆಳೆಯಿತೋ ತುಂಬಿತೋ ಎಂದು ಹೋಲಿಸಿ ನೋಡಲೂ ಆದೀತು. ನಾಳೆ ಹಗಲು ನಿನಗೆ ಪಾಳಿಯಿಲ್ಲವಲ್ಲ, ಏಳು, ಹೋಗಿ ಬಾ.