ಮಂಜೂರಾದ ಮನೆ, ಮುಗಿದ ಮನೆ: ಗ್ರಾಮ ಪಂಚಾಯತಿಯ ವಸತಿ ಯೋಜನೆ ಹಾಗೂ ಪ್ರಗತಿ ಪರಿಶೀಲನೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ವಸತಿ ವಿಷಯ ಬಂದಾಗ ಮೊದಲು ಕೇಳಿಬರುವ ಪ್ರಶ್ನೆ, ‘ಈ ಸಾಲಿನಲ್ಲಿ ನಮಗೆ ಎಷ್ಟು ಮನೆ ಬಂದಿವೆ?’ ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಬಂದಿರುವುದು ಮನೆಯಲ್ಲ, ಮಂಜೂರಾತಿ. ಮಂಜೂರಾತಿ ಆದೇಶಕ್ಕೂ ಬಾಗಿಲು ಕಿಟಕಿಗಳುಳ್ಳ ಮನೆಗೂ ನಡುವೆ ಅನೇಕ ತಿಂಗಳುಗಳ ದಾರಿಯಿದೆ. ಆ ದಾರಿಯಲ್ಲಿ ಕುಟುಂಬ ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬುದನ್ನು ತಿಳಿದು ಅದಕ್ಕೆ ಪರಿಹಾರ ಹುಡುಕುವುದೇ ಪ್ರಗತಿ ಪರಿಶೀಲನೆ. ಬೇಡಿಕೆಯ ಗುರುತಿಸುವಿಕೆಯಿಂದ ಗೃಹಪ್ರವೇಶದವರೆಗೆ ಸದಸ್ಯರು ನಿರ್ವಹಿಸಬೇಕಾದ ಪಾತ್ರವನ್ನು ಈ ಪಾಠ ವಿವರಿಸುತ್ತದೆ.

1. ಯೋಜನೆಗಳ ಹಿನ್ನೆಲೆ

ಗ್ರಾಮೀಣ ಬಡವರಿಗೆ ಮನೆ ಕಟ್ಟಿಕೊಳ್ಳಲು ನೆರವು ನೀಡುವ ಇಂದಿರಾ ಆವಾಸ್ ಯೋಜನೆ 1985-86ರಲ್ಲಿ ಆರಂಭವಾಯಿತು. 2016ರ ಏಪ್ರಿಲ್ 1ರಿಂದ ಅದನ್ನು ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಎಂದು ಪುನಾರಚಿಸಲಾಯಿತು. ಕರ್ನಾಟಕದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಜಾರಿಗೆ ಬಂದಿತು. ವಸತಿ ಯೋಜನೆಗಳ ಅನುಷ್ಠಾನಕ್ಕಾಗಿ 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಬಸವ ವಸತಿ ಯೋಜನೆ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ದೇವರಾಜ ಅರಸು ವಸತಿ ಯೋಜನೆ ಮುಂತಾದವು ಈ ನಿಗಮದ ಮೂಲಕವೇ ಅನುಷ್ಠಾನಗೊಳ್ಳುತ್ತವೆ.

ಈ ಯೋಜನೆಗಳ ಸಮಾನ ಲಕ್ಷಣವೊಂದನ್ನು ಗಮನದಲ್ಲಿಡಬೇಕು. ಸರ್ಕಾರ ಮನೆಯನ್ನು ಕಟ್ಟಿಸಿ ಕೊಡುವುದಿಲ್ಲ. ಕಟ್ಟಿಕೊಳ್ಳುವ ಕುಟುಂಬಕ್ಕೆ ಸಹಾಯಧನ ನೀಡುತ್ತದೆ. ಮೇಸ್ತ್ರಿಯನ್ನು ಗೊತ್ತುಪಡಿಸುವುದು, ಇಟ್ಟಿಗೆ, ಜಲ್ಲಿ, ಸಿಮೆಂಟು ತರುವುದು, ನೀರುಣಿಸುವುದು ಎಲ್ಲವೂ ಫಲಾನುಭವಿಯ ಹೊಣೆ. ಆದುದರಿಂದ ಕುಟುಂಬದ ಶಕ್ತಿಯನ್ನು ಗಮನಿಸದೆ ಕೇವಲ ಗುರಿ ನಿಗದಿಪಡಿಸಿದರೆ ಯೋಜನೆ ಅರ್ಧಕ್ಕೆ ನಿಲ್ಲುತ್ತದೆ.

2. ಯೋಜಿಸುವುದು: ಬೇಡಿಕೆ ಪಟ್ಟಿಯ ಸಿದ್ಧತೆ

ವಸತಿ ಬೇಡಿಕೆಯನ್ನು ಒಂದೇ ಪಟ್ಟಿಯಲ್ಲಿ ಬರೆಯುವ ರೂಢಿ ಹಲವೆಡೆ ಇದೆ. ವಾಸ್ತವದಲ್ಲಿ ಅದರೊಳಗೆ ಮೂರು ಬಗೆಯ ಕುಟುಂಬಗಳಿರುತ್ತವೆ.

ಅ) ನಿವೇಶನವೂ ಇಲ್ಲದ, ಮನೆಯೂ ಇಲ್ಲದ ಕುಟುಂಬ. ಇದಕ್ಕೆ ಮೊದಲು ಬೇಕಾದುದು ಜಾಗ.
ಆ) ನಿವೇಶನವಿದ್ದು, ಮನೆ ಇಲ್ಲದಿರುವ ಅಥವಾ ಶಿಥಿಲ ಕಚ್ಚಾ ಮನೆಯಲ್ಲಿರುವ ಕುಟುಂಬ. ಇದಕ್ಕೆ ಸಹಾಯಧನ ನೇರವಾಗಿ ಉಪಯೋಗವಾಗುತ್ತದೆ.
ಇ) ವಾಸವಿರುವ ಜಾಗ ಅನುಭವದಲ್ಲಿದ್ದರೂ ದಾಖಲೆ ಇಲ್ಲದ ಕುಟುಂಬ. ಇದಕ್ಕೆ ಮೊದಲು ಬೇಕಾದುದು ಹಕ್ಕುಪತ್ರ ಅಥವಾ ಖಾತೆ.

ಮೂರನೆಯ ಗುಂಪು ಅನೇಕ ವೇಳೆ ಕಣ್ಣಿಗೆ ಬೀಳುವುದಿಲ್ಲ. ತಾತನ ಹೆಸರಿನಲ್ಲೇ ಉಳಿದ ಖಾತೆ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಾದ ಪಾಲು, ತಾಂಡಾ ಅಥವಾ ಹಟ್ಟಿಯಲ್ಲಿ ತಲೆಮಾರಿನಿಂದ ವಾಸವಿದ್ದರೂ ಕಂದಾಯ ದಾಖಲೆಯಲ್ಲಿ ಕಾಣದ ಮನೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಗ್ರಾಮೀಣ ಪ್ರದೇಶದಲ್ಲಿ ಸರ್ಕಾರಿ ಜಾಗದಲ್ಲಿ ಅನಧಿಕೃತವಾಗಿ ಕಟ್ಟಿಕೊಂಡ ವಾಸದ ಮನೆಗಳ ಸಕ್ರಮಕ್ಕೆ ಕರ್ನಾಟಕ ಭೂ ಕಂದಾಯ ಅಧಿನಿಯಮದ 94ಸಿ ಕಲಂನಲ್ಲಿ ಅವಕಾಶವಿದೆ. ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಹಕ್ಕು ನೀಡಲು ಭೂ ಸುಧಾರಣಾ ಅಧಿನಿಯಮಕ್ಕೆ 38ಎ ಕಲಂ ಸೇರಿಸಲಾಗಿದೆ. ಇವು ಕಂದಾಯ ಇಲಾಖೆಯ ಪ್ರಕ್ರಿಯೆಗಳಾದರೂ ಅರ್ಹ ಕುಟುಂಬಗಳನ್ನು ಗುರುತಿಸಿ ತಹಶೀಲ್ದಾರರ ಗಮನಕ್ಕೆ ತರುವುದು ವಾರ್ಡಿನ ಸದಸ್ಯರಿಂದ ಸಾಧ್ಯ. ಪಂಚಾಯತಿಯ ಮಟ್ಟದಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ-9 ಹಾಗೂ ನಮೂನೆ-11ಎ ಸಕಾಲದಲ್ಲಿ ದೊರೆತರೆ ಮಂಜೂರಾತಿಯ ನಂತರದ ವಿಳಂಬ ಬಹಳಷ್ಟು ತಪ್ಪುತ್ತದೆ.

ಹೀಗೆ ವಿಂಗಡಿಸಿದ ಪಟ್ಟಿಯನ್ನು ‘ನಮ್ಮ ಗ್ರಾಮ ನಮ್ಮ ಯೋಜನೆ’ಯ ಭಾಗವಾಗಿ ಗ್ರಾಮ ಸಭೆಯ ಮುಂದಿಡಬೇಕು. ನಿವೇಶನಕ್ಕೆ ಎಷ್ಟು ಜಾಗ ಬೇಕು, ಎಷ್ಟು ಖಾತೆಗಳು ಬಾಕಿ ಇವೆ, ಎಷ್ಟು ಮನೆಗಳಿಗೆ ಕೂಡಲೇ ಸಹಾಯಧನ ನೀಡಬಹುದು ಎಂಬ ಮೂರು ಪ್ರತ್ಯೇಕ ಉತ್ತರಗಳು ಆಗ ದೊರೆಯುತ್ತವೆ.

3. ಆಯ್ಕೆಯಲ್ಲಿ ಗ್ರಾಮ ಸಭೆಯ ಸ್ಥಾನ

ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಮೊದಲು 2011ರ ಸಾಮಾಜಿಕ, ಆರ್ಥಿಕ ಹಾಗೂ ಜಾತಿ ಗಣತಿಯ ಮಾಹಿತಿಯನ್ನು ಆಧಾರವಾಗಿ ಬಳಸಲಾಯಿತು. ಅದರಲ್ಲಿ ಬಿಟ್ಟುಹೋದವರಿಗಾಗಿ ನಂತರ ಆವಾಸ್ ಪ್ಲಸ್ ಸಮೀಕ್ಷೆ ನಡೆಯಿತು. ಮನೆಯೇ ಇಲ್ಲದವರು, ನಂತರ ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಒಂದೆರಡು ಕೋಣೆಗಳಲ್ಲಿ ವಾಸಿಸುವವರು ಎಂಬ ಕ್ರಮದಲ್ಲಿ ಆದ್ಯತೆ ನಿಗದಿಯಾಗುತ್ತದೆ. ರಾಜ್ಯದ ಯೋಜನೆಗಳಲ್ಲಿಯೂ ಫಲಾನುಭವಿಗಳ ಆಯ್ಕೆ ಗ್ರಾಮ ಸಭೆಯಲ್ಲಿ ನಡೆಯಬೇಕು. ಮನೆಯನ್ನು ಸಾಮಾನ್ಯವಾಗಿ ಕುಟುಂಬದ ಮಹಿಳೆಯ ಹೆಸರಿಗೆ ಮಂಜೂರು ಮಾಡಲಾಗುತ್ತದೆ.

ಗ್ರಾಮ ಸಭೆಯಲ್ಲಿ ಹೆಸರು ಓದಿ ಮುಗಿಸುವುದರಿಂದ ಆಯ್ಕೆ ಪೂರ್ಣವಾಗುವುದಿಲ್ಲ. ಪಟ್ಟಿಯಲ್ಲಿ ಮೇಲಿರುವ ಕುಟುಂಬ ಸಭೆಗೆ ಬಂದಿಲ್ಲವೆಂಬ ಕಾರಣಕ್ಕೆ ಅದನ್ನು ಕೆಳಗಿಳಿಸುವುದು ಸರಿಯಲ್ಲ. ಕೂಲಿಗೆಂದು ಗುಳೆ ಹೋದವರು, ವೃದ್ಧರು, ಅಂಗವಿಕಲರು ಸಭೆಗೆ ಬರಲಾಗದ ಸ್ಥಿತಿಯಲ್ಲಿರುವುದೇ ಹೆಚ್ಚು. ಮನೆಯ ಅಗತ್ಯವೂ ಅವರಿಗೇ ಹೆಚ್ಚು. ಅಂಥವರ ಪರವಾಗಿ ಮಾತನಾಡುವುದು ಆ ವಾರ್ಡಿನ ಸದಸ್ಯರ ಕರ್ತವ್ಯ.

4. ಹಣದ ಲೆಕ್ಕ

ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ₹1.20 ಲಕ್ಷ ಸಹಾಯಧನವಿದೆ. ಅಡುಗೆಯ ಜಾಗವೂ ಸೇರಿ ಮನೆಯ ವಿಸ್ತೀರ್ಣ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ ಇರಬೇಕು. ಇದರ ಜೊತೆಗೆ ನರೇಗಾ ಅಡಿಯಲ್ಲಿ 90 ಮಾನವ ದಿನಗಳ ಅಕುಶಲ ಕೂಲಿ, ಸ್ವಚ್ಛ ಭಾರತ್ ಯೋಜನೆಯಡಿ ಶೌಚಾಲಯಕ್ಕೆ ₹12,000 ದೊರೆಯಬೇಕು. 2025-26ನೇ ಸಾಲಿನಲ್ಲಿ ನರೇಗಾ ಕೂಲಿ ದರ ದಿನಕ್ಕೆ ₹370 ಇತ್ತು. ಆ ದರದಂತೆ:

ಸಹಾಯಧನ: ₹1,20,000
ಕೂಲಿ (90 × 370): ₹33,300
ಶೌಚಾಲಯ: ₹12,000
ಒಟ್ಟು: ₹1,65,300

ಈ ಮೂರು ಮೊತ್ತಗಳು ಮೂರು ಬೇರೆ ದಾರಿಗಳಲ್ಲಿ ಬರುತ್ತವೆ. ಜಾಬ್ ಕಾರ್ಡ್ ಇಲ್ಲದಿದ್ದರೆ ಅಥವಾ ಕಾಮಗಾರಿ ಆರಂಭವಾದಾಗ ಎನ್.ಎಂ.ಆರ್. ತೆಗೆಯದಿದ್ದರೆ ಕುಟುಂಬ ಕೂಲಿಯ ಮೊತ್ತವನ್ನು ಕಳೆದುಕೊಳ್ಳುತ್ತದೆ. ಮನೆ ಮುಗಿದ ಮೇಲೆ ಈ ಕೂಲಿಯನ್ನು ಹಿಂದಿನ ದಿನಾಂಕಕ್ಕೆ ಕೊಡಲು ಬರುವುದಿಲ್ಲ. ನರೇಗಾ ಕೂಲಿಯ ಅವಕಾಶ ರಾಜ್ಯದ ವಸತಿ ಯೋಜನೆಗಳ ಮನೆಗಳಿಗೂ ಇದೆ ಎಂಬುದನ್ನು ಸದಸ್ಯರು ನೆನಪಿಡಬೇಕು.

5. ನಾಲ್ಕು ಹಂತಗಳು

ಕಾಮಗಾರಿಯ ಪ್ರಗತಿಯನ್ನು ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ ದಾಖಲಿಸಲಾಗುತ್ತದೆ. ಪ್ರತಿ ಹಂತದಲ್ಲಿಯೂ ಸ್ಥಳದ ಜಿಪಿಎಸ್ ಛಾಯಾಚಿತ್ರ ತೆಗೆದು ತಂತ್ರಾಂಶಕ್ಕೆ ಸೇರಿಸಬೇಕು. ನಿಗಮದ ಯೋಜನೆಗಳಲ್ಲಿ ಹಂತ ಮುಗಿದು ಚಿತ್ರ ದೃಢಪಟ್ಟ ನಂತರ ಆ ಹಂತದ ಕಂತು ಫಲಾನುಭವಿಯ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ನಿಗದಿತ ಅವಧಿಯಲ್ಲಿ ಆರಂಭವಾಗದ ಮನೆಗಳನ್ನು ತಂತ್ರಾಂಶದಲ್ಲಿ ಬ್ಲಾಕ್ ಮಾಡಲಾಗುತ್ತದೆ.

ಈ ವ್ಯವಸ್ಥೆಯಿಂದ ಹಣದ ದುರುಪಯೋಗ ಕಡಿಮೆಯಾಗಿದೆ. ಆದರೆ ಇದರಲ್ಲಿ ಒಂದು ತೊಡಕೂ ಇದೆ. ತಳಪಾಯದ ಹಣ ತಳಪಾಯ ಹಾಕಿದ ಮೇಲೆ ಬರುತ್ತದೆ. ತಳಪಾಯ ಹಾಕುವ ಹಣವನ್ನು ಕುಟುಂಬವೇ ಹೊಂದಿಸಬೇಕು. ಕೈಯಲ್ಲಿ ಸ್ವಲ್ಪ ಉಳಿತಾಯವಿರುವವರು ಬೇಗ ಆರಂಭಿಸುತ್ತಾರೆ. ಏನೂ ಇಲ್ಲದವರು ಆರಂಭಿಸಲಾಗದೆ ಬ್ಲಾಕ್ ಪಟ್ಟಿಗೆ ಸೇರುತ್ತಾರೆ. ಎರೆ ಭೂಮಿಯ ಊರುಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚು. ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣಿನಲ್ಲಿ ತಳಪಾಯವನ್ನು ಆಳವಾಗಿ ತೆಗೆಯಬೇಕಾಗುತ್ತದೆ. ಸಹಾಯಧನ ಮಾತ್ರ ಎಲ್ಲ ಮಣ್ಣಿಗೂ ಒಂದೇ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಬಹುತೇಕ ಕುಟುಂಬಗಳಿಗೆ ಇರುವುದು ಒಂದೇ ನಿವೇಶನ. ಹೊಸ ಮನೆಗಾಗಿ ಹಳೆಯದನ್ನು ಕೆಡವಿ, ಪಕ್ಕದಲ್ಲಿ ತಗಡು ಅಥವಾ ತಾಡಪಾಲಿನ ಆಸರೆ ಕಟ್ಟಿಕೊಂಡು ಕಾಮಗಾರಿ ಆರಂಭಿಸುತ್ತಾರೆ. ಹಂಚು ಒಡೆದಿದ್ದರೂ ನಿನ್ನೆಯವರೆಗೆ ಅವರಿಗೆ ಒಂದು ಮನೆ ಇತ್ತು. ಕಾಮಗಾರಿ ಲಿಂಟಲ್ ಹಂತದಲ್ಲಿ ನಿಂತರೆ ಆ ಕುಟುಂಬ ಮಳೆಗಾಲವನ್ನು ತಾಡಪಾಲಿನ ಕೆಳಗೆ ಕಳೆಯಬೇಕಾಗುತ್ತದೆ. ಛಾವಣಿಯಿಲ್ಲದ ಗೋಡೆ ನೆನೆದು ಶಕ್ತಿ ಕಳೆದುಕೊಳ್ಳುತ್ತದೆ, ಹೊರಚಾಚಿದ ಕಬ್ಬಿಣ ತುಕ್ಕು ಹಿಡಿಯುತ್ತದೆ. ವರದಿಯಲ್ಲಿ ‘ಪ್ರಗತಿಯಲ್ಲಿದೆ’ ಎಂದು ಬರೆಯಲಾದ ಮನೆಯ ಕುಟುಂಬ ವಾಸ್ತವದಲ್ಲಿ ಮಂಜೂರಾತಿಗೆ ಮುಂಚಿಗಿಂತ ಕಷ್ಟದಲ್ಲಿರಬಹುದು.

6. ಅಂಕಿ ಅಂಶ ಓದುವ ಕ್ರಮ: ಒಂದು ಉದಾಹರಣೆ

ಕಲಿಕೆಗಾಗಿ ಒಂದು ಕಲ್ಪಿತ ಪಂಚಾಯತಿಯನ್ನು ತೆಗೆದುಕೊಳ್ಳಬಹುದು. ಅಲ್ಲಿ 40 ಮನೆಗಳು ಮಂಜೂರಾಗಿವೆ. ಆರಂಭವಾಗದವು 11, ತಳಪಾಯ 9, ಲಿಂಟಲ್ 7, ಛಾವಣಿ 5, ಪೂರ್ಣ 8. ‘40ರಲ್ಲಿ 29 ಮನೆ ಆರಂಭ, ಪ್ರಗತಿ ಶೇ. 72.5’ ಎಂದು ವರದಿ ನೀಡಬಹುದು. ‘ವಾಸಕ್ಕೆ ಸಿದ್ಧವಾದವು 8, ಅಂದರೆ ಶೇ. 20’ ಎಂದೂ ಹೇಳಬಹುದು. ಎರಡೂ ನಿಜ. ಆದರೆ ಮೊದಲನೆಯದು ಸಭೆಗೆ ಸಮಾಧಾನ ನೀಡುತ್ತದೆ, ಎರಡನೆಯದು ಕೆಲಸವನ್ನು ತೋರಿಸುತ್ತದೆ.

ಆರಂಭವಾಗದ 11 ಮನೆಗಳ ಕಾರಣ ವಿಚಾರಿಸಿದಾಗ 4 ಕುಟುಂಬಗಳಿಗೆ ಖಾತೆಯ ತೊಡಕು, 5ಕ್ಕೆ ತಳಪಾಯದ ಹಣವಿಲ್ಲ, 1ಕ್ಕೆ ಪಾಲಿನ ವ್ಯಾಜ್ಯ, 1 ಕುಟುಂಬ ಗುಳೆ ಹೋಗಿದೆ ಎಂದು ತಿಳಿಯಿತೆಂದು ಭಾವಿಸಬಹುದು. 11 ಮನೆಗಳಿಗೂ ಒಂದೇ ಬಗೆಯ ನೋಟಿಸ್ ಕೊಟ್ಟರೆ ಫಲವಿಲ್ಲ. ಮೊದಲ 4ಕ್ಕೆ ಪಂಚಾಯತಿ ಕಚೇರಿಯೇ ಪರಿಹಾರ ನೀಡಬಲ್ಲದು. ಹಣವಿಲ್ಲದ 5ಕ್ಕೆ ಬೇರೆ ದಾರಿ ಬೇಕು: ಕೆಲಸದ ಆದೇಶ ಕೊಟ್ಟ ವಾರದಲ್ಲೇ ನರೇಗಾ ಎನ್.ಎಂ.ಆರ್. ತೆಗೆದರೆ ತಳಪಾಯ ಅಗೆಯುವ ಕೂಲಿ ದೊರೆಯುತ್ತದೆ. ಮನೆಯ ಮಹಿಳೆ ಸ್ವಸಹಾಯ ಗುಂಪಿನ ಸದಸ್ಯೆಯಾಗಿದ್ದರೆ ಸಂಜೀವಿನಿ ಒಕ್ಕೂಟದ ಮೂಲಕ ಸಾಲಕ್ಕೆ ಪ್ರಯತ್ನಿಸಬಹುದು. ಅಕ್ಕಪಕ್ಕದ ಐದೂ ಮನೆಗಳ ಕಲ್ಲು, ಮರಳು ಒಟ್ಟಿಗೆ ತರಿಸಿದರೆ ಸಾಗಣೆಯ ವೆಚ್ಚ ತಗ್ಗುತ್ತದೆ. ವ್ಯಾಜ್ಯವಿರುವ ಕುಟುಂಬವನ್ನು ಊರಿನ ಹಿರಿಯರ ಸಮ್ಮುಖದಲ್ಲಿ ಕೂರಿಸಬಹುದು. ಗುಳೆ ಹೋದವರಿಗೆ ಅವಧಿ ಮುಗಿಯುವ ಮುನ್ನ ದೂರವಾಣಿಯಲ್ಲಿ ತಿಳಿಸಬೇಕು.

7. ಸದಸ್ಯರ ವಸತಿ ವಹಿ

ತಂತ್ರಾಂಶ ಮನೆಯ ಹಂತವನ್ನು ತೋರಿಸುತ್ತದೆ. ಅದು ನಿಂತ ಕಾರಣವನ್ನು ತೋರಿಸುವುದಿಲ್ಲ. ಕಾರಣ ತಿಳಿದಿರುವುದು ವಾರ್ಡಿನ ಸದಸ್ಯರಿಗೆ. ಆದುದರಿಂದ ಪ್ರತಿ ಸದಸ್ಯರೂ ತಮ್ಮ ವಾರ್ಡಿಗೆ ಒಂದು ಸರಳ ವಹಿ ಇಡುವುದು ಒಳ್ಳೆಯದು. ಒಂದು ಮನೆಗೆ ಒಂದು ಪುಟ ಸಾಕು. ಅದರಲ್ಲಿ ಬರೆಯಬೇಕಾದವು:

1) ಫಲಾನುಭವಿಯ ಹೆಸರು, ಯೋಜನೆ, ಮಂಜೂರಾತಿ ದಿನಾಂಕ
2) ಕೆಲಸ ಆರಂಭಿಸಲು ಇರುವ ಕೊನೆಯ ದಿನಾಂಕ
3) ಪ್ರತಿ ಹಂತ ಮುಗಿದ ದಿನ, ಛಾಯಾಚಿತ್ರ ತೆಗೆದ ದಿನ, ಕಂತು ಜಮೆಯಾದ ದಿನ
4) ನರೇಗಾ ಕೂಲಿ ಎಷ್ಟು ದಿನ ದೊರೆತಿದೆ
5) ಕೆಲಸ ನಿಂತಿದ್ದರೆ ಕಾರಣ, ಪರಿಹಾರ ಮಾಡಬೇಕಾದವರು
6) ಕುಟುಂಬ ಸದ್ಯ ಎಲ್ಲಿ ವಾಸವಾಗಿದೆ

ಮೂರನೆಯ ಅಂಶದಲ್ಲಿರುವ ಮೂರು ದಿನಾಂಕಗಳ ಅಂತರವೇ ಬಹಳ ವಿಷಯ ಹೇಳುತ್ತದೆ. ಹಂತ ಮುಗಿದು ಛಾಯಾಚಿತ್ರ ತಡವಾಗಿದ್ದರೆ ಹೊಣೆ ಪಂಚಾಯತಿಯದು. ಚಿತ್ರ ತೆಗೆದೂ ಹಣ ಬಾರದಿದ್ದರೆ ಆಧಾರ್ ಜೋಡಣೆ, ಬ್ಯಾಂಕ್ ಖಾತೆ ಅಥವಾ ಮೇಲ್ಮಟ್ಟದ ಅನುಮೋದನೆಯನ್ನು ಪರಿಶೀಲಿಸಬೇಕು. ಹಣ ಬಂದೂ ಮುಂದಿನ ಹಂತ ಆರಂಭವಾಗದಿದ್ದರೆ ಕುಟುಂಬದೊಂದಿಗೆ ಮಾತನಾಡಬೇಕು.

ಆರನೆಯ ಅಂಶ ಯಾವ ಅಧಿಕೃತ ನಮೂನೆಗಾಗಿಯೂ ಅಲ್ಲ. ಮಾಸಿಕ ಸಭೆಯಲ್ಲಿ ಯಾವ ಮನೆಯ ವಿಷಯವನ್ನು ಮೊದಲು ಎತ್ತಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ತಾಡಪಾಲಿನ ಕೆಳಗಿರುವ ಕುಟುಂಬದ ಮನೆಗೆ ಮುಂಗಾರಿಗೆ ಮುನ್ನ ಛಾವಣಿ ಬೀಳಬೇಕು. ಆದುದರಿಂದ ಫೆಬ್ರವರಿ, ಮಾರ್ಚ್ ತಿಂಗಳ ಸಭೆಗಳಲ್ಲಿ ಲಿಂಟಲ್ ಹಂತದ ಮನೆಗಳ ಪಟ್ಟಿ ಪ್ರತ್ಯೇಕವಾಗಿ ಚರ್ಚೆಯಾಗುವುದು ಅಗತ್ಯ. ತಳಪಾಯದ ಹಣ, ಸಾಮಗ್ರಿ ಹೊಂದಿಕೆಯಾಗುವವರೆಗೆ ಹಳೆಯ ಮನೆಯನ್ನು ಕೆಡವದಂತೆ ಫಲಾನುಭವಿಗಳಿಗೆ ತಿಳಿಹೇಳುವುದೂ ಅಷ್ಟೇ ಅಗತ್ಯ.

8. ಎಚ್ಚರಿಕೆಗಳು

ಒಬ್ಬರ ಮನೆಯ ಚಿತ್ರವನ್ನು ಇನ್ನೊಬ್ಬರ ಹೆಸರಿಗೆ ಸೇರಿಸುವುದು, ಹಳೆಯ ಗೋಡೆಗೆ ಸುಣ್ಣ ಬಳಿದು ಹೊಸ ಮನೆಯೆಂದು ತೋರಿಸುವುದು, ಬಿಲ್ ಮಾಡಿಸಿಕೊಡುವುದಾಗಿ ಮಧ್ಯವರ್ತಿಗಳು ಹಣ ಕೇಳುವುದು ಇವು ಗಂಭೀರ ಲೋಪಗಳು. ಇಂಥ ಪ್ರಕರಣದಲ್ಲಿ ವಸೂಲಾತಿಯ ನೋಟಿಸ್ ಬರುವುದು ಫಲಾನುಭವಿಯ ಹೆಸರಿಗೇ ಎಂಬುದನ್ನು ಜನರಿಗೆ ತಿಳಿಸಬೇಕು. ಕಂತು ಜಮೆಯಾದ ವಿವರವನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ಪ್ರಕಟಿಸಿದರೆ ಮಧ್ಯವರ್ತಿಗಳಿಗೆ ಅವಕಾಶ ಕಡಿಮೆಯಾಗುತ್ತದೆ.

ಸಾರಾಂಶ

ಮಂಜೂರಾತಿಯ ಸಂಖ್ಯೆ ಮೇಲಿನಿಂದ ಬರುತ್ತದೆ. ಪೂರ್ಣಗೊಂಡ ಮನೆಗಳ ಸಂಖ್ಯೆ ಪಂಚಾಯತಿಯ ಶ್ರಮದಿಂದ ಬರುತ್ತದೆ. ಬೇಡಿಕೆಯನ್ನು ಜಾಗ, ದಾಖಲೆ, ಸಹಾಯಧನ ಎಂದು ವಿಂಗಡಿಸುವುದು, ಆರಂಭಿಸಲು ಶಕ್ತಿಯಿಲ್ಲದ ಕುಟುಂಬಕ್ಕೆ ಮೊದಲ ಹೆಜ್ಜೆಯಲ್ಲಿ ಆಸರೆಯಾಗುವುದು, ನಿಂತ ಮನೆಯ ಕಾರಣವನ್ನು ತಿಂಗಳಿಗೊಮ್ಮೆ ಕೇಳುವುದು ಈ ಮೂರು ಕೆಲಸಗಳು ಸದಸ್ಯರ ಕೈಯಲ್ಲಿವೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನ ಬೇಡಿಕೆ ಪಟ್ಟಿಯಲ್ಲಿ ಅ, ಆ, ಇ ಗುಂಪಿಗೆ ಸೇರುವ ಕುಟುಂಬಗಳು ಎಷ್ಟೆಷ್ಟು?
2. ಬ್ಲಾಕ್ ಆದ ಮನೆಗಳಿದ್ದರೆ, ಅವುಗಳಲ್ಲಿ ಹಣದ ಕೊರತೆಯಿಂದ ಆರಂಭವಾಗದವು ಎಷ್ಟು?
3. ಕಳೆದ ಸಾಲಿನಲ್ಲಿ ಪೂರ್ಣಗೊಂಡ ಮನೆಗಳಲ್ಲಿ 90 ದಿನಗಳ ಕೂಲಿಯನ್ನು ಪೂರ್ತಿ ಪಡೆದ ಕುಟುಂಬಗಳು ಎಷ್ಟು?
4. ಇಂದು ತಾತ್ಕಾಲಿಕ ಆಸರೆಯಲ್ಲಿ ವಾಸಿಸುತ್ತಿರುವ ಫಲಾನುಭವಿ ಕುಟುಂಬಗಳು ಯಾವುವು? ಮುಂಗಾರಿಗೆ ಮುನ್ನ ಅವರ ಮನೆಗೆ ಛಾವಣಿ ಹಾಕಲು ಏನು ಮಾಡಬೇಕು?